ಕ್ಯಾಪ್ಟನ್ನನ ಕೋಟು

ಥ್ರಾಕ್ಸ್‌ಬಿ ಪಾರ್ಕ್ ಗಾಲ್ಫ್ ಕ್ಲಬ್ಬಿನ ಊಟದ ಮನೆಯಲ್ಲಿ ಗಂಡಸರು ಕೋಟು ತೆಗೆಯುವಂತಿಲ್ಲ. ಆ ವರ್ಷದ ಕ್ಯಾಪ್ಟನ್ ತನ್ನ ಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ ಮೇಲಷ್ಟೇ ಉಳಿದವರು ತೆಗೆಯಬಹುದು. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳಬೇಡಿ. ಕೇಳಿದವರನ್ನು ಅಲ್ಲಿ ಎರಡನೆಯ ಸಲ ಊಟಕ್ಕೆ ಕರೆಯುವುದಿಲ್ಲ. ಹಾಗೆಯೇ, ಊಟದ ಕೊನೆಗೆ ರಾಣಿಯ ಆಯುರಾರೋಗ್ಯಕ್ಕೆಂದು ಕ್ಯಾಪ್ಟನ್ ಗ್ಲಾಸು ಎತ್ತುವ ತನಕ ಯಾರೂ ಮೇಜು ಬಿಟ್ಟು ಏಳುವಂತಿಲ್ಲ. ಹೊಟ್ಟೆ ಕೆಟ್ಟಿರಲಿ, ಮನೆಗೆ ಬೆಂಕಿ ಬಿದ್ದಿರಲಿ, ಕೂತಿರಬೇಕು. ಲಯನೆಲ್ ಹ್ಯಾಡೋ ಸಿಕ್ಕಿಬಿದ್ದದ್ದು ಈ ಎರಡು ಕಟ್ಟಳೆಗಳ ನಡುವೆ.

ಲಯನೆಲ್‌ನ ಅಪ್ಪ ಪಕ್ಕದ ಪೇಟೆಯಲ್ಲಿ ಮೊಳೆ, ಬಣ್ಣ, ಬೀಗ ಮಾರುತ್ತಿದ್ದವನು. ಮಗ ಅದೇ ಅಂಗಡಿಯನ್ನು ಸುತ್ತಲಿನ ಊರುಗಳಿಗೂ ಬೆಳೆಸಿದ. ಕ್ಲಬ್ಬಿನ ದೊಡ್ಡ ಮನುಷ್ಯರ ಮನೆ ಬಾಗಿಲುಗಳಿಗೆಲ್ಲ ಇವನ ಅಂಗಡಿಯ ಚಿಲಕವೇ ಇತ್ತು, ಆದರೆ ಅವರ ಕ್ಲಬ್ಬಿನ ಬಾಗಿಲು ಇವನಿಗೆ ತೆರೆಯುವಷ್ಟರಲ್ಲಿ ಅರ್ಧ ತಲೆ ಬೆಳ್ಳಗಾಗಿತ್ತು. ಒಳಗೆ ಬಂದ ಮೇಲಾದರೂ ಸುಖವೇ? ಹೆಗ್ಗಣ, ಮೊಲ ಓಡಿಸುವ ಉಪಸಮಿತಿ, ನೆಲಹಾಸಿನ ಉಪಸಮಿತಿ, ಕಕ್ಕಸಿನ ಕೊಳಾಯಿಗಳ ಉಪಸಮಿತಿ, ಹೀಗೆ ಬೇರೆ ಯಾರಿಗೂ ಬೇಡವಾದ ಕೆಲಸಗಳನ್ನೆಲ್ಲ ತಲೆಯ ಮೇಲೆ ಹೊತ್ತು, ನಗುನಗುತ್ತಾ ದುಡಿದು, ಕಡೆಗೂ ಅವನು ಉಪಕ್ಯಾಪ್ಟನ್ ಆದ. ಉಪಕ್ಯಾಪ್ಟನ್ ಆದವನು ಮರುವರ್ಷ ಕ್ಯಾಪ್ಟನ್. ಅವನ ಹೆಸರನ್ನು ಹಜಾರದ ಮರದ ಹಲಗೆಯ ಮೇಲೆ ಬಂಗಾರದ ಅಕ್ಷರಗಳಲ್ಲಿ ಬರೆಯುತ್ತಾರೆ. ಸೆಪ್ಟೆಂಬರಿನಲ್ಲಿ ಮಾಜಿ ಕ್ಯಾಪ್ಟನ್‌ಗಳ ಸಭೆ ಒಮ್ಮೆ ತಲೆಯಾಡಿಸಿದರೆ ಆಯಿತು, ಅಷ್ಟೇ ಬಾಕಿ.

ಅವನ ಆಸೆಯನ್ನು ನಾವು ಹೀಗಳೆಯುವುದೂ ಬೇಡ. ಆ ಜಾಗ ಹಾಗಿದೆ. ಹಿಂದೆ ಯಾವನೋ ಶ್ರೀಮಂತ ಜಿಂಕೆ ಸಾಕಲು ಗೋಡೆ ಕಟ್ಟಿಸಿದ್ದ ಉದ್ಯಾನ ಅದು. ದೊಡ್ಡ ದೊಡ್ಡ ಓಕ್ ಮರಗಳು, ನಡುವೆ ಕೆರೆ, ಬೆಳಗಿನ ಇಬ್ಬನಿಯಲ್ಲಿ ಮಿನುಗುವ ಹುಲ್ಲು. ಲಯನೆಲ್ ಚಿಕ್ಕಂದಿನಲ್ಲಿ ಆ ಗೋಡೆ ಹತ್ತಿ ಕೂತು, ಬಿಳಿ ಷರಾಯಿ ಹಾಕಿಕೊಂಡವರು ಚೆಂಡಿನ ಹಿಂದೆ ನಿಧಾನಕ್ಕೆ ನಡೆದು ಹೋಗುವುದನ್ನು ನೋಡುತ್ತಿದ್ದ. ಅಷ್ಟು ನಿಧಾನಕ್ಕೆ ನಡೆಯಲು ತನಗೂ ಒಂದು ದಿನ ಬರಬೇಕು ಎಂದು ಅವನಿಗೆ ಆಗಲೇ ಅನ್ನಿಸಿತ್ತು.

ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆ ಇಂಗ್ಲೆಂಡನ್ನು ಬಾಣಲೆಗೆ ಹಾಕಿ ಹುರಿಯಿತು. ಮಳೆ ಎಂಬುದೇ ಇಲ್ಲ. ಮೈದಾನಗಳಿಗೆ ಪೈಪಿನಲ್ಲಿ ನೀರು ಬಿಡಕೂಡದು ಎಂದು ಅಪ್ಪಣೆಯಾಯಿತು. ಉದ್ಯಾನದ ಹುಲ್ಲು ಒಣಗಿ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿದಾಗ ಕ್ಲಬ್ಬಿನಲ್ಲಿ ತುರ್ತು ಸಭೆ ಸೇರಿತು. ಸದಸ್ಯರು ಸ್ನಾನ ಮಾಡಿದ ನೀರನ್ನು ಬಕೆಟ್ಟಿನಲ್ಲಿ ತಂದು, ಚೆಂಡು ಬೀಳಿಸುವ ಗುಳಿಗಳ ಸುತ್ತಲಿನ ಎಳೆ ಹುಲ್ಲಿಗಾದರೂ ಹಾಕುವುದೆಂದು ತೀರ್ಮಾನವಾಯಿತು. ಒಳ್ಳೆಯದೇ. ಆದರೆ ಯಾರ ನೀರು ಯಾವ ಗುಳಿಗೆ ಎಂಬ ಚರ್ಚೆ ಎರಡು ಸಂಜೆ ನಡೆಯಿತು. ಅಧ್ಯಕ್ಷರಾದ ಬ್ರಿಗೇಡಿಯರ್ ಪಿಮ್ ಅವರ ಸ್ನಾನದ ನೀರು ಕಡೆಯ ಹದಿನೆಂಟನೆಯ ಗುಳಿಗೆ, ಅಂದರೆ ಕ್ಲಬ್ಬಿನ ಮುಂಬಾಗಿಲಿಗೆ ಎದುರಾಗಿರುವ ಹುಲ್ಲಿಗೆ. ಮಾಜಿ ಕ್ಯಾಪ್ಟನ್‌ಗಳ ನೀರು ಅದರ ಹಿಂದಿನವುಗಳಿಗೆ. ಲಯನೆಲ್‌ನ ನೀರಿಗೆ ನಾಲ್ಕನೆಯ ಗುಳಿಯ ಹೊರ ಅಂಚು ಸಿಕ್ಕಿತು.

"ನೀನು ಮೈ ತೊಳೆದ ನೀರಿಗೂ ಒಂದು ಅಂತಸ್ತು ಇದೆಯಲ್ಲ ಮಾರಾಯ," ಎಂದಳು ಅವನ ಹೆಂಡತಿ ಈನಿಡ್. ಅವಳು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತಳಾದವಳು, ಬಾಯಿಗೆ ಬೀಗವಿಲ್ಲ.

"ಮುಂದಿನ ವರ್ಷ ನೋಡ್ತಿರು," ಎಂದ ಲಯನೆಲ್, ಬಕೆಟ್ಟನ್ನು ಕಾರಿನ ಹಿಂದೆ ಅಲುಗದಂತೆ ಇಡುತ್ತಾ. "ಸೀದಾ ಹದಿನೇಳನೇ ಗುಳಿಗೆ ಹೋಗತ್ತೆ."

ವರ್ಷಕ್ಕೊಮ್ಮೆ ನಡೆಯುವ ಕ್ಯಾಪ್ಟನ್ನನ ಹಬ್ಬದ ದಿನ ಬಂದದ್ದು ಆ ಸೆಕೆಯ ನಟ್ಟನಡುವೆ. ಆ ವರ್ಷದ ಕ್ಯಾಪ್ಟನ್ ಜೆಫ್ರಿ ಥ್ವೇಟ್, ಹಲ್ಲಿನ ಡಾಕ್ಟರು, ದಪ್ಪ ಮೈ, ಒಳ್ಳೆಯ ಮನಸ್ಸು. ಲಯನೆಲ್‌ಗೆ ಕ್ಲಬ್ಬಿನಲ್ಲಿ ಸ್ನೇಹಿತ ಅಂತ ಒಬ್ಬನಿದ್ದರೆ ಅದು ಅವನೇ. ಹಬ್ಬದ ದಿನ ಕ್ಯಾಪ್ಟನ್ ಆಡುವುದಿಲ್ಲ. ಹತ್ತನೆಯ ಗುಳಿಗೆ ಹೊಡೆಯುವ ದಿಬ್ಬದ ಮೇಲೆ ನಿಂತು ಬಂದವರಿಗೆಲ್ಲ ಕೈ ಕುಲುಕಿ, ಒಂದೊಂದು ಗುಟುಕು ಮದ್ಯ ಕೊಟ್ಟು, ತಾನೂ ಒಂದೊಂದು ಗುಟುಕು ಕುಡಿಯಬೇಕು. ಮೈಮೇಲೆ ಕ್ಲಬ್ಬಿನ ಕೆಂಪು ಉಣ್ಣೆಯ ಕೋಟು. ಅದು ಒಬ್ಬ ಕ್ಯಾಪ್ಟನ್ನನಿಂದ ಇನ್ನೊಬ್ಬನಿಗೆ ಇಳಿದು ಬಂದದ್ದು, ಕಂಬಳಿಯಷ್ಟು ದಪ್ಪ, ಮೊದಲು ತೊಟ್ಟವನು ಕಡ್ಡಿಯಂತಿದ್ದನಾದ್ದರಿಂದ ಆಮೇಲಿನವರೆಲ್ಲ ಉಸಿರು ಬಿಗಿಹಿಡಿದೇ ತೊಟ್ಟದ್ದು. ಪಕ್ಕದಲ್ಲೇ ಓಕ್ ಮರದ ನೆರಳಿತ್ತು. ಆದರೆ ಮೊದಲ ಕ್ಯಾಪ್ಟನ್ ನಿಂತದ್ದು ಬಿಸಿಲಲ್ಲಿ. ಆಗ ಆ ಮರ ಇನ್ನೂ ಇಷ್ಟು ಬೆಳೆದಿರಲಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ, ಹೊಳೆದವರು ಬಾಯಿ ಬಿಡಲಿಲ್ಲ. ಥ್ವೇಟ್ ಬೆಳಗಿನಿಂದ ಸಂಜೆಯ ತನಕ ಬಿಸಿಲಲ್ಲೇ ನಿಂತ.

ಸಂಜೆ ಊಟದ ಮನೆ ತುಂಬಿತು. ಪಶ್ಚಿಮದ ಎತ್ತರದ ಕಿಟಕಿಗಳಿಂದ ಬಿಸಿಲು ನೇರ ಮುಖಕ್ಕೆ ಬಡಿಯುತ್ತಿತ್ತು. ಕಿಟಕಿ ತೆರೆಯೋಣವೆಂದರೆ, ಹೋದ ವರ್ಷ ಬಣ್ಣ ಬಳಿದವರು ಚೌಕಟ್ಟಿಗೂ ಸೇರಿಸಿ ಬಳಿದಿದ್ದರು, ಒಂದೂ ಅಲುಗುತ್ತಿರಲಿಲ್ಲ. ಬಣ್ಣ ಲಯನೆಲ್‌ನ ಅಂಗಡಿಯದೇ. ಹಬ್ಬದ ಅಡುಗೆ ಯಾವತ್ತಿನದೋ ಅದೇ: ಹೊಗೆಯಾಡುವ ಎತ್ತಿನ ಬಾಲದ ಸೂಪು, ಹುರಿದ ಮಾಂಸ, ಅದರ ಮೇಲೆ ಬಿಸಿ ಗೊಜ್ಜು, ಆಮೇಲೆ ಹಬೆಯಲ್ಲಿ ಬೆಂದ ಪುಡಿಂಗು. ಹೆಂಗಸರು ತೋಳಿಲ್ಲದ ಉಡುಪು ತೊಟ್ಟು ಆರಾಮವಾಗಿ ಬೀಸಣಿಗೆ ಆಡಿಸುತ್ತಿದ್ದರು. ಗಂಡಸರು ಕಪ್ಪು ಕೋಟುಗಳೊಳಗೆ ಬೇಯುತ್ತಿದ್ದರು. ಎಲ್ಲರ ಕಣ್ಣೂ ಒಂದೇ ಕಡೆ, ಥ್ವೇಟನ ಕೆಂಪು ಕೋಟಿನ ಗುಂಡಿಗಳ ಮೇಲೆ.

ಥ್ವೇಟನ ಬಲಕ್ಕೆ ಲಯನೆಲ್, ಎಡಕ್ಕೆ ಬ್ರಿಗೇಡಿಯರ್. ಸೂಪು ಮುಗಿಯುವಷ್ಟರಲ್ಲಿ ಥ್ವೇಟನ ಮುಖ ಕೋಟಿನ ಬಣ್ಣಕ್ಕೆ ಬಂದಿತ್ತು.

"ಕ್ಯಾಪ್ಟನ್, ಸೆಕೆ ವಿಪರೀತ ಆಯ್ತು," ಎಂದು ಲಯನೆಲ್ ಪಿಸುಗುಟ್ಟಿದ. "ಕೋಟಿನ ವಿಷಯ ಏನಾದ್ರೂ..."

"ಅಧ್ಯಕ್ಷರು ಕೂತಿದ್ದಾರಲ್ಲಪ್ಪ," ಎಂದ ಥ್ವೇಟ್. ನಾಲಿಗೆ ಯಾಕೋ ದಪ್ಪಗಾಗಿತ್ತು. "ಅವರಿರೋವಾಗ ಮೊದಲು ಅವರು ಹೂಂ ಅನ್ನಬೇಕು. ನಾನಾಗಿ ಹೇಗೆ ತೆಗೀಲಿ?"

"ಕೇಳಿಬಿಡಿ ಮತ್ತೆ."

"ಕೇಳಿದ್ರೆ ಕ್ಯಾಪ್ಟನ್‌ಗೆ ಪದ್ಧತಿ ಗೊತ್ತಿಲ್ಲ ಅಂದಂಗಾಗತ್ತೆ. ಸುಮ್ನಿರು."

ಲಯನೆಲ್ ತಡೆಯಲಾರದೆ ಥ್ವೇಟನ ಬೆನ್ನ ಹಿಂದಿನಿಂದ ಬಾಗಿ ಬ್ರಿಗೇಡಿಯರರನ್ನು ಮಾತಿಗೆಳೆದ. "ಸರ್, ಕೋಟು ತೆಗೆಯೋ ಹೊತ್ತಾಯ್ತೇನೋ."

"ಅದು ಕ್ಯಾಪ್ಟನ್‌ಗೆ ಬಿಟ್ಟಿದ್ದು, ಹ್ಯಾಡೋ," ಎಂದರು ಬ್ರಿಗೇಡಿಯರ್. ಅವರ ಮೂಗಿನ ತುದಿಯಿಂದ ಬೆವರು ಮಾಂಸದ ಮೇಲೆ ತೊಟ್ಟಿಕ್ಕುತ್ತಿತ್ತು. "ನಾನು ಅಡ್ಡ ಬಾಯಿ ಹಾಕಲ್ಲ. ಮರುಭೂಮಿ ಯುದ್ಧದಲ್ಲಿ ಟ್ಯಾಂಕಿನ ಮೇಲೆ ಮೊಟ್ಟೆ ಹುರೀತಿದ್ವಿ, ಗೊತ್ತಾ? ಆಗಲೂ ಗುಂಡಿ ಬಿಚ್ಚಿಲ್ಲ. ಥ್ವೇಟ್ ಇವತ್ತು ಗಟ್ಟಿಗ ಅನ್ನಿಸಿಕೊಂಡ."

ನೋಡಿ, ಎಷ್ಟು ಸುಲಭವಿತ್ತು. ಇವರ ಮಾತನ್ನು ಅವನಿಗೆ, ಅವನ ಮಾತನ್ನು ಇವರಿಗೆ ದಾಟಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದಾಟಿಸುವುದು ಹೇಗೆ? ಕ್ಯಾಪ್ಟನ್‌ಗೆ ಪದ್ಧತಿ ಗೊತ್ತಿಲ್ಲವೆಂದು ಅಧ್ಯಕ್ಷರ ಕಿವಿಯಲ್ಲಿ ಊದಿದರೆ ಸ್ನೇಹಿತನಿಗೆ ದ್ರೋಹ. ನಿನಗೆ ತಪ್ಪು ತಿಳಿವಳಿಕೆ ಎಂದು ಕ್ಯಾಪ್ಟನ್‌ಗೆ ಹೇಳಿದರೆ, ಮೊಳೆ ಮಾರುವವನ ಮಗ ಹಲ್ಲಿನ ಡಾಕ್ಟರಿಗೆ ಪದ್ಧತಿ ಕಲಿಸಿದಂತೆ. ಲಯನೆಲ್ ತಟ್ಟೆಯ ಕಡೆ ನೋಡುತ್ತಾ ಕೂತ. ಸೆಪ್ಟೆಂಬರ್ ಇನ್ನೇನು ದೂರವಿರಲಿಲ್ಲ.

ಪುಡಿಂಗು ಬಂತು. ಥ್ವೇಟ್ ಅದನ್ನು ಮುಟ್ಟಲಿಲ್ಲ. ಅವನ ಮುಖದ ಬೆವರು ನಿಂತುಹೋಗಿತ್ತು. ಚರ್ಮ ಒಣಗಿ ಬಿಗಿದುಕೊಂಡಿತ್ತು. "ಬಾಯಿ ತೆಗೀರಿ, ಇನ್ನೂ ಸ್ವಲ್ಪ," ಎಂದು ಎದುರಿಗಿದ್ದ ಉಪ್ಪಿನ ಬಟ್ಟಲಿಗೆ ಮೆಲ್ಲಗೆ ಹೇಳಿದ. ಆಮೇಲೆ ಗಲ್ಲ ಎದೆಗೆ ತಾಗಿತು, ಕಣ್ಣು ಅರೆಮುಚ್ಚಿತು.

"ಭಾಷಣ ಮನಸ್ಸಲ್ಲೇ ಹೇಳ್ಕೊಳ್ತಿದ್ದಾರೆ," ಎಂದ ಆ ಕಡೆಯ ಮೇಜಿನಲ್ಲಿ ಒಬ್ಬ.

"ಏನು ಸಹನೆ ರೀ. ಒಂದು ಹನಿ ಬೆವರಿಲ್ಲ ನೋಡಿ," ಎಂದ ಕಾರ್ಯದರ್ಶಿ ಕ್ರಿಚ್ಲಿ, ತನ್ನ ಕೊರಳಪಟ್ಟಿಯೊಳಗೆ ಬೆರಳು ಆಡಿಸುತ್ತಾ.

ಲಯನೆಲ್ ಮೇಜಿನ ಕೆಳಗೆ ಥ್ವೇಟನ ಕೈ ಮುಟ್ಟಿ ನೋಡಿದ. ಕೆಂಡ. ಎದುರು ಸಾಲಿನಿಂದ ಈನಿಡ್ ನೋಡುತ್ತಿದ್ದಳು. ತೆಗಿ ಎಂದು ಕೈಸನ್ನೆ ಮಾಡಿದಳು. ಅವನು ತಲೆ ಅಲ್ಲಾಡಿಸಿದ. ಆಗ ಅವಳು ಎದ್ದು ನಿಂತಳು.

ರಾಣಿಯ ಹೆಸರಿನಲ್ಲಿ ಗ್ಲಾಸು ಏಳುವ ಮೊದಲೇ ಒಬ್ಬ ಹೆಂಗಸು ಎದ್ದು ನಿಂತಳು. ಚಮಚಗಳು ನಿಂತವು. ಎಲ್ಲೋ ಒಂದು ಕೆಮ್ಮು ಕೇಳಿಸಿತು.

"ಲಯನೆಲ್," ಎಂದಳು ಈನಿಡ್, ತರಗತಿಯ ಹಿಂದಿನ ಬೆಂಚಿಗೆ ಕೇಳುವ ದನಿಯಲ್ಲಿ. "ಆ ಮನುಷ್ಯ ಸಾಯ್ತಾ ಇದ್ದಾನೆ."

"ದಯವಿಟ್ಟು ಕೂತ್ಕೊಳ್ಳಿ ಮಿಸೆಸ್ ಹ್ಯಾಡೋ," ಎಂದರು ಬ್ರಿಗೇಡಿಯರ್. "ಇನ್ನೂ ರಾಣಿಯ ಹೆಸರು ಹೇಳಿಲ್ಲ."

"ರಾಣಿ ಇಲ್ಲಿದ್ದಿದ್ರೆ ಇಷ್ಟೊತ್ತಿಗೆ ಅವರೇ ಅವನ ಕೋಟು ಬಿಚ್ಚಿರೋರು," ಎಂದಳು ಈನಿಡ್.

ಲಯನೆಲ್ ಕೂತೇ ಇದ್ದ. ಅವನ ಆ ಕ್ಷಣದ ಹೊಯ್ದಾಟ ಯಾರಿಗೂ ಬೇಡ. ಈಗ ಎದ್ದರೆ ಎಲ್ಲ ಹೋಯಿತು, ಗೋಡೆ ಹತ್ತಿದ ದಿನದಿಂದ ಕಟ್ಟಿಕೊಂಡು ಬಂದದ್ದೆಲ್ಲ ಹೋಯಿತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದಲ್ಲಿ ಥ್ವೇಟನ ಗಂಟಲಿನಿಂದ ಒಂಥರಾ ಗೊರಗೊರ ಸದ್ದು ಬಂತು. ಲಯನೆಲ್ ಎದ್ದ. ಹಿಂದಿನಿಂದ ತಬ್ಬಿ ಗುಂಡಿ ಬಿಚ್ಚಿದ. ಎರಡು ಕಿತ್ತೇ ಬಂದವು. ದಪ್ಪ ತೋಳುಗಳನ್ನು ಎಳೆದು ಎಳೆದು ಕೋಟು ಕಳಚಿದ, ಟೈ ಸಡಿಲಿಸಿದ, ವೈನ್ ಬಾಟಲಿ ಇಟ್ಟಿದ್ದ ಮಂಜುಗಡ್ಡೆಯ ಬಕೆಟ್ಟನ್ನು ಹಾಗೇ ಎತ್ತಿ ಅವನ ತಲೆಯ ಮೇಲೆ ಸುರಿದ.

ಇಡೀ ಊಟದ ಮನೆ ಉಸಿರು ಕಟ್ಟಿ ನೋಡಿತು. ಒಂದು ಕ್ಷಣ, ಅಷ್ಟೇ. ಆಮೇಲೆ ಹಿಂದಿನ ಮೇಜಿನಿಂದ ಯಾರೋ, "ಕ್ಯಾಪ್ಟನ್ ಕೋಟು ತೆಗೆದಾಯ್ತು," ಎಂದರು.

ಅಷ್ಟು ಸಾಕಾಯಿತು. ಸಾಲುಸಾಲಾಗಿ ಕೋಟುಗಳು ಕಳಚಿ ಕುರ್ಚಿಗಳ ಬೆನ್ನಿಗೆ ಬಿದ್ದವು. ಅಬ್ಬಾ, ದೇವರೇ, ಎಂಬ ನಿಟ್ಟುಸಿರು ಮೂಲೆ ಮೂಲೆಯಿಂದ ಎದ್ದಿತು. ಬ್ರಿಗೇಡಿಯರ್ ತಮ್ಮ ಕೋಟನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಕ್ರಿಚ್ಲಿ ತೋಳು ಮಡಚಿಕೊಂಡು ಪುಡಿಂಗಿಗೆ ಚಮಚ ಹಾಕಿದ. ನೆಲದ ಮೇಲೆ ಮಲಗಿಸಿದ್ದ ಥ್ವೇಟನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲಯನೆಲ್, "ಆಂಬುಲೆನ್ಸಿಗೆ ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಕೇಳಿದ. ಯಾರೂ ಮಾಡಿರಲಿಲ್ಲ. ರಾಣಿಯ ಹೆಸರು ಹೇಳಿರಲಿಲ್ಲವಲ್ಲ, ಮೇಜು ಬಿಟ್ಟು ಏಳುವುದು ಹೇಗೆ? ಹಜಾರಕ್ಕೆ ಓಡಿ ಫೋನ್ ಮಾಡಿದವಳು ಈನಿಡ್. ಹೇಗಿದ್ದರೂ ಅವಳು ಎದ್ದಾಗಿತ್ತು.

ಥ್ವೇಟ್ ಬದುಕಿದ. ಇನ್ನು ಸ್ವಲ್ಪ ತಡವಾಗಿದ್ದರೆ ಆಸೆ ಬಿಡಬೇಕಿತ್ತು ಎಂದರು ಆಸ್ಪತ್ರೆಯವರು. ಲಯನೆಲ್ ದ್ರಾಕ್ಷಿ ಹಿಡಿದುಕೊಂಡು ನೋಡಲು ಹೋದಾಗ ಥ್ವೇಟ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

"ನೀನಿಲ್ದಿದ್ರೆ ನಾನಿರ್ತಿರಲಿಲ್ಲ ಕಣೋ. ನನ್ನ ಹೆಂಡತಿ ದಿನಾ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾಳೆ."

"ಬಿಡು, ಅದರಲ್ಲೇನಿದೆ," ಎಂದ ಲಯನೆಲ್.

ಥ್ವೇಟ್ ಕಣ್ಣೊರೆಸಿಕೊಂಡು ದನಿ ತಗ್ಗಿಸಿದ. "ಒಂದು ಮಾತು ಕೇಳ್ಲಾ? ಕೋಟಿನೊಳಗೆ ನನ್ನ ಷರಾಯಿಯ ಹೆಗಲಪಟ್ಟಿ... ಒಂದು ಕಡೆ ಗುಂಡಿ ಹೋಗಿ ಪಿನ್ನು ಚುಚ್ಚಿಕೊಂಡಿದ್ದೆ. ಅದನ್ನ ಎಲ್ಲರೂ ನೋಡಿದ್ರಾ?"

"ಯಾರೂ ನೋಡ್ಲಿಲ್ಲ."

"ಬ್ರಿಗೇಡಿಯರ್?"

ಲಯನೆಲ್ ಒಂದು ಗಳಿಗೆ ತಡವರಿಸಿದ. ಥ್ವೇಟ್ ಕಣ್ಣು ಮುಚ್ಚಿಕೊಂಡ. ಬದುಕಿ ಬಂದವನ ಮುಖದಲ್ಲಿ ಅಂಥ ಸಂಕಟವನ್ನು ಲಯನೆಲ್ ನೋಡಿರಲಿಲ್ಲ.

ಮಳೆ ಬಂತು. ಹುಲ್ಲು ಮತ್ತೆ ಹಸಿರಾಯಿತು. ಸೆಪ್ಟೆಂಬರಿನಲ್ಲಿ ಮಾಜಿ ಕ್ಯಾಪ್ಟನ್‌ಗಳು ಪುಸ್ತಕದ ಕೋಣೆಯಲ್ಲಿ ಸೇರಿದರು. ಸೊರಗಿ ಅರ್ಧವಾಗಿದ್ದ ಥ್ವೇಟ್ ಕ್ಯಾಪ್ಟನ್ನನ ಕುರ್ಚಿಯಲ್ಲಿ ಕೂತಿದ್ದ. ಲಯನೆಲ್‌ಗೂ ಉಪಕ್ಯಾಪ್ಟನ್ ಎಂದು ಒಂದು ಕುರ್ಚಿ, ಒಂದು ಮತ ಇತ್ತು. ಹೊಸ ಟೈ ಕಟ್ಟಿಕೊಂಡು ಬಂದಿದ್ದ ಪಾಪ.

"ಮೊದಲು ಒಂದು ಮಾತು," ಎಂದರು ಬ್ರಿಗೇಡಿಯರ್. "ಥ್ವೇಟ್ ಉಳಿದುಕೊಂಡಿದ್ದಕ್ಕೆ ಇಲ್ಲಿ ಯಾರ ಆಕ್ಷೇಪಣೆಯೂ ಇಲ್ಲ. ಅದು ಸಂತೋಷದ ವಿಷಯ."

ಎಲ್ಲರೂ ಹೌದೆಂದು ಗೊಣಗಿದರು. ಥ್ವೇಟ್ ನಮ್ರವಾಗಿ ತಲೆ ಬಾಗಿಸಿದ.

"ಆದರೆ ಕ್ಯಾಪ್ಟನ್ ತಾನಾಗಿ ಕೋಟು ತೆಗೆಯೋದು ಬೇರೆ, ಇನ್ನೊಬ್ಬ ಬಂದು ಬಿಚ್ಚೋದು ಬೇರೆ. ಅವತ್ತು ಕ್ಯಾಪ್ಟನ್ ತೆಗೆದಿಲ್ಲ. ಹಾಗಾಗಿ ಅಲ್ಲಿ ಕೋಟು ತೆಗೆದ ಪ್ರತಿಯೊಬ್ಬನೂ ಅಪ್ಪಣೆಯಿಲ್ಲದೆ ತೆಗೆದ ಹಾಗಾಯ್ತು. ನಾನೂ ಸೇರಿದಂತೆ." ಬ್ರಿಗೇಡಿಯರರ ದನಿ ನಡುಗಿತು. "ಇಷ್ಟು ವರ್ಷದ ಮೇಲೆ ನನ್ನ ಕೈಲಿ ಈ ತಪ್ಪು ಮಾಡಿಸಿದ್ದು ಯಾರು?"

ಕ್ರಿಚ್ಲಿ ಗಂಟಲು ಸರಿಮಾಡಿಕೊಂಡ. "ಹ್ಯಾಡೋ ಅವರ ಉದ್ದೇಶ ಒಳ್ಳೇದೇ ಇರಬಹುದು ಸರ್. ಕೋಟು ಬಿಚ್ಚದೇನೇ ನೀರು ಹಾಕಬಹುದಿತ್ತು ಅಂತ ಕೆಲವರ ಅಭಿಪ್ರಾಯ."

"ಕ್ಯಾಪ್ಟನ್ ಏನಂತಾರೆ?"

ಥ್ವೇಟ್ ಲಯನೆಲ್ ಕಡೆ ನೋಡಲಿಲ್ಲ. "ಸ್ನೇಹ ಬೇರೆ, ಕ್ಲಬ್ ಬೇರೆ," ಎಂದ. "ನನ್ನ ಜೀವದ ವಿಷಯಕ್ಕೆ ಪದ್ಧತಿ ಮುರಿಯಿತು ಅಂದ್ರೆ ನನಗೇ ಮುಜುಗರ. ಹ್ಯಾಡೋ ಅವರ ಕ್ಯಾಪ್ಟನ್‌ಗಿರಿಯನ್ನ ಸದ್ಯಕ್ಕೆ ಮುಂದಕ್ಕೆ ಹಾಕೋದು ಒಳ್ಳೇದು ಅಂತ ನನ್ನ ಸಲಹೆ."

ಥ್ರಾಕ್ಸ್‌ಬಿಯಲ್ಲಿ ಸದ್ಯಕ್ಕೆ ಎಂದರೆ ಶಾಶ್ವತವಾಗಿ ಎಂದೇ ಅರ್ಥ. ಲಯನೆಲ್‌ಗೆ ಎದ್ದು ಥ್ವೇಟನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಅಳಬೇಕು ಅನ್ನಿಸಿತು. ಎರಡನ್ನೂ ಮಾಡದೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕೂತ.

"ಒಪ್ಪುವವರು ಕೈ ಎತ್ತಿ," ಎಂದರು ಬ್ರಿಗೇಡಿಯರ್.

ಅವನು ಮನೆಗೆ ಬಂದಾಗ ಈನಿಡ್ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅವನ ಮುಖ ನೋಡಿದ್ದೇ ತಟ್ಟೆ ಪಕ್ಕಕ್ಕಿಟ್ಟಳು. ನಡೆದದ್ದನ್ನು ಅವನು ಮೊದಲಿನಿಂದ ಹೇಳಿದ. ಅವಳು ತುಟಿ ಬಿಗಿಹಿಡಿದು ಕೇಳಿದಳು.

"ಥ್ವೇಟೂ ಕೈ ಎತ್ತಿದನಾ?"

"ಅವನೇ ಮೊದಲು."

"ನಾಚಿಕೆಗೆಟ್ಟವನು." ಅವಳ ಕಣ್ಣು ತುಂಬಿತು. "ನೀನು ಅವತ್ತು ಎದ್ದೆಯಲ್ಲ ಲಯನೆಲ್, ಇಷ್ಟು ವರ್ಷದ ಸಂಸಾರದಲ್ಲಿ ನಿನ್ನನ್ನ ಕಂಡು ನಂಗೆ ಯಾವತ್ತೂ ಅಷ್ಟು ಹೆಮ್ಮೆ ಆಗಿರಲಿಲ್ಲ. ಹಲಗೆ ಮೇಲೆ ಹೆಸರು ಇಲ್ದಿದ್ರೆ ಬೇಡ, ಹೋಗ್ಲಿ. ಅಷ್ಟು ಜನದಲ್ಲಿ ನಿನ್ನ ಪರ ಒಬ್ಬನೂ ಇರಲಿಲ್ವಾ?"

"ಸರ್ವಾನುಮತದಿಂದ ಆಯ್ತು," ಎಂದ ಲಯನೆಲ್.

"ಸರ್ವಾನುಮತ ಅಂದ್ರೆ? ನಿಂಗೂ ಒಂದು ಮತ ಇತ್ತಲ್ಲ?"

ಲಯನೆಲ್ ಟೈ ಸಡಿಲಿಸಲು ಹೋಗಿ ಸುಮ್ಮನಾದ. "ಒಡಕು ಮತ ಬಂದ್ರೆ ಕ್ಲಬ್ಬಿಗೆ ಶೋಭೆಯಲ್ಲ ಈನಿಡ್. ಎಲ್ಲ ಎತ್ತಿದ್ರು. ನಾನೊಬ್ಬ ಎತ್ತದೆ ಕೂತಿದ್ರೆ ಹೇಗೆ ಕಾಣತ್ತೆ?"

ಅವಳು ಕೈಗೆ ಸಿಕ್ಕ ಬಟಾಣಿ ಸಿಪ್ಪೆಯೊಂದನ್ನು ಎರಡಾಗಿ ಮುರಿದಳು.

"ಆಮೇಲೆ ಬ್ರಿಗೇಡಿಯರ್ ನನ್ನ ಹತ್ತಿರ ಬಂದ್ರು, ಗೊತ್ತಾ," ಎಂದ ಅವನು. ಈಗ ಅವನ ಮುಖ ಒಂದಿಷ್ಟು ಬೆಳಗಿತು. "ಇಷ್ಟು ವರ್ಷದಲ್ಲಿ ಮೊದಲ ಸಲ ಹೆಗಲ ಮೇಲೆ ಕೈಯಿಟ್ಟು ಲಯನೆಲ್ ಅಂತ ಕರೆದ್ರು. ಇವತ್ತು ನೀನು ನಮ್ಮವನಾದೆ ಅಂದ್ರು."

ಈನಿಡ್ ಬಟಾಣಿಯ ತಟ್ಟೆಯನ್ನು ಮತ್ತೆ ತೊಡೆಗೆ ಎಳೆದುಕೊಂಡಳು. ತಲೆ ಬಗ್ಗಿಸಿ ಸುಲಿಯುತ್ತಲೇ ಹೋದಳು, ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲಿಲ್ಲ. ಎದುರಿಗೆ ಅವಳ ಗಂಡ, ಅವಳು ಸಂತೋಷಕ್ಕೆ ಅಳುತ್ತಿದ್ದಾಳೆಂದು ತಿಳಿದು, ಹಿತವಾಗಿ ನಗುತ್ತಾ ಕೂತಿದ್ದ.